ಈ ಮಳೆಗಾಲಕ್ಕೆ ಐನ್‌ಮನೆಯ ಕ್ರಾಸ್ ಸ್ಟಿಚ್: ಹೇಗೆ ಶುರು ಮಾಡಲಿ?

ಕೊಡಗಿನ ಅಮ್ಮತ್ತಿ ಕಡೆಯಿಂದ ಕೇಳಿದ್ದು

ಎಲ್ಲರಿಗೂ ನಮಸ್ಕಾರ. ಹೋದ ಮಳೆಗಾಲದಲ್ಲಿ ಒಂದು ಕ್ರಾಸ್ ಸ್ಟಿಚ್ (ಬಟ್ಟೆಯ ಚೌಕ ಎಣಿಸಿ X ಆಕಾರದಲ್ಲಿ ಹಾಕುವ ಹೊಲಿಗೆ) ಕಿಟ್ ತರಿಸಿಕೊಂಡು ನಾನೇ ಕಲಿತೆ. ಒಂದು ಗಿಳಿ ಮುಗಿಸಿದೆ. ದೂರದಿಂದ ಚೆನ್ನಾಗಿದೆ. ಹತ್ತಿರ ಹೋದರೆ ಒಂದೊಂದು ಹೊಲಿಗೆ ಒಂದೊಂದು ಥರ ಹೊಳೆಯುತ್ತದೆ. ಮಧ್ಯೆ ಎಲ್ಲೋ ಎಣಿಕೆ ತಪ್ಪಿ ರೆಕ್ಕೆ ಎರಡು ಮನೆ (ಬಟ್ಟೆಯ ಚೌಕ) ಆಚೆ ಹೋಗಿದೆ. ದಾರ ಪದೇ ಪದೇ ಸಿಕ್ಕಾಗುತ್ತದೆ. ಎಲ್ಲಕ್ಕಿಂತ ಬೇಜಾರು ಏನೆಂದರೆ, ಫ್ರೇಮ್ ಹಾಕಿಸಿ ಗೋಡೆಗೆ ತೂಗುಹಾಕಿದ್ದೆ, ಈಗ ಗಾಜಿನ ಒಳಗೆ ಬಟ್ಟೆ ಮೇಲೆ ಕಂದು ಚುಕ್ಕೆಗಳು ಎದ್ದಿವೆ.

ಈ ಸಲ ನಮ್ಮ ಕುಟುಂಬದ ಮೂಲ ಮನೆಯಾದ ಐನ್‌ಮನೆಯ ಚಿತ್ರ ಹಾಕಿ ಪುತ್ತರಿ ಸುಗ್ಗಿ ಹಬ್ಬಕ್ಕೆ ಅತ್ತೆಗೆ ಕೊಡಬೇಕು ಅಂತ ತುಂಬಾ ಆಸೆ. ಜೂನ್ ಬಂತು, ಮಳೆ ಹಿಡಿದಿದೆ. ಮಧ್ಯಾಹ್ನ ಒಂದು ಗಂಟೆ ನನಗೆ ಸಿಗುತ್ತದೆ. ಅಷ್ಟರಲ್ಲಿ ಆಗುತ್ತದಾ? ಗೊತ್ತಿರುವವರು ದಾರಿ ಹೇಳಿ.

ಮಡಿಕೇರಿಯಿಂದ

ತಂಗಿ, ನಿನ್ನ ಗಿಳಿಗೆ ಆದದ್ದೆಲ್ಲ ನನ್ನ ಮೊದಲ ಹಂಸಕ್ಕೂ ಆಗಿತ್ತು. ಶಾಲೆಯಲ್ಲಿ ಸಿಸ್ಟರ್ ಒಬ್ಬರು ಮ್ಯಾಟಿ ಅನ್ನುವ ಚೌಕ ನೇಯ್ಗೆಯ ಬಟ್ಟೆ ಮೇಲೆ ಕಲಿಸಿದ್ದರು. ಮೂವತ್ತು ವರ್ಷವಾಯಿತು, ಇನ್ನೂ ಬಿಟ್ಟಿಲ್ಲ.

ಮೊದಲು ಹೊಳಪಿನ ವಿಷಯ. ಪ್ರತಿ ಹೊಲಿಗೆಯಲ್ಲೂ ಎರಡು ಕಾಲು, ಅಲ್ವಾ? ಮೇಲೆ ಬರುವ ಕಾಲು ಇಡೀ ಬಟ್ಟೆಯಲ್ಲಿ ಒಂದೇ ದಿಕ್ಕಿಗೆ ವಾಲಿರಬೇಕು. ದಾರದ ಮೇಲೆ ಬೆಳಕು ಬೀಳುವುದು ಆ ಕಾಲಿನ ಮೇಲೆಯೇ. ಒಂದೇ ಬಣ್ಣದ ಸಾಲಿದ್ದರೆ ಮೊದಲು ಅರ್ಧ ಹೊಲಿಗೆ (ಒಂದೇ ಕಾಲು) ಹಾಕುತ್ತಾ ಹೋಗಿ, ಆಮೇಲೆ ಅದೇ ಸಾಲಲ್ಲಿ ವಾಪಸ್ ಬರುತ್ತಾ ಪೂರ್ತಿ ಮಾಡು. ಬಿಡಿ ಬಿಡಿಯಾಗಿ ಒಂದೊಂದೇ ಹೊಲಿಗೆ ಇದ್ದರೆ ಅಲ್ಲಲ್ಲೇ ಮುಗಿಸು. ಯಾವ ರೀತಿ ಮಾಡಿದರೂ ಸರಿ, ಮೇಲಿನ ಕಾಲು ಬದಲಾಗಬಾರದು. ನಾವು ತಪ್ಪುವುದು ಬಟ್ಟೆ ತಿರುಗಿಸಿ ಹಿಡಿದಾಗ. ಅಡ್ಡ ತಿರುಗಿಸಿದರೆ ದಿಕ್ಕೂ ತಿರುಗುತ್ತದೆ, ಗೊತ್ತೇ ಆಗುವುದಿಲ್ಲ. ನಾನು ಶುರುವಿನಲ್ಲೇ ಬಟ್ಟೆಯ ಅಂಚಿನಲ್ಲಿ ಒಂದು ದೊಡ್ಡ ಹೊಲಿಗೆ ಹಾಕಿ, ಪಕ್ಕದಲ್ಲಿ ಮೇಲ್ಭಾಗ ಯಾವುದು ಅಂತ ಬಾಣದ ಗುರುತು ಹೊಲಿದಿಡುತ್ತೇನೆ. ಪ್ರತಿ ದಿನ ಕೂರುವಾಗ ಒಮ್ಮೆ ಅದನ್ನು ನೋಡಿ ಶುರು ಮಾಡುವುದು.

ಎಣಿಕೆಗೆ ಒಂದೇ ಮದ್ದು: ಗೆರೆ. ಚಾರ್ಟಿನಲ್ಲಿ (ನೋಡಿ ಹೊಲಿಯುವ ಚೌಕದ ನಕ್ಷೆ) ಹತ್ತು ಮನೆಗೊಂದು ದಪ್ಪ ಗೆರೆ ಇರುತ್ತದಲ್ಲ, ಬಟ್ಟೆ ಮೇಲೂ ಹಾಗೇ ಹತ್ತು ಮನೆಗೊಂದು ಗೆರೆ ಹಾಕಿಕೋ. ತಿಳಿ ಬಣ್ಣದ ಒಂದೇ ಎಳೆ ಹೊಲಿಗೆ ದಾರದಲ್ಲಿ ಉದ್ದ ಉದ್ದ ಹಾಕಿದರೆ ಸಾಕು, ಕೊನೆಗೆ ಎಳೆದರೆ ಬಂದುಬಿಡುತ್ತದೆ. ನೀರಲ್ಲಿ ಹೋಗುವ ಪೆನ್ನು ಸಿಗುತ್ತದೆ, ಆದರೆ ಅದರಲ್ಲಿ ಎಳೆದ ಗೆರೆ ತೊಳೆಯುವ ಮುಂಚೆ ಇಸ್ತ್ರಿ ತಗುಲಿದರೆ ಅಲ್ಲೇ ಕೂತುಬಿಡುತ್ತದೆ. ನನ್ನ ಮಗಳ ದಿಂಬಿನ ಕವರ್ ಒಂದು ಹಾಗೆ ಹಾಳಾಯಿತು. ಗೆರೆ ಹಾಕುವುದಕ್ಕೇ ಎರಡು ಮಧ್ಯಾಹ್ನ ಹೋಗುತ್ತದೆ, ಸುಮ್ನೆ ಸಮಯ ಹಾಳು ಅನ್ನಿಸುತ್ತದೆ. ಹಾಕು. ಹತ್ತು ಮನೆಯೊಳಗೆ ತಪ್ಪಿದರೆ ಅಲ್ಲೇ ಸಿಕ್ಕಿಬೀಳುತ್ತದೆ, ರೆಕ್ಕೆಯವರೆಗೆ ಹೋಗುವುದಿಲ್ಲ.

ಇನ್ನು ದಾರ. ಒಂದು ಮೊಳಕ್ಕಿಂತ ಉದ್ದ ಕತ್ತರಿಸಬೇಡ, ಅಂದರೆ 18 ಇಂಚು. ಸೂಜಿಗೆ ಪದೇ ಪದೇ ಪೋಣಿಸಬೇಕಲ್ಲ ಅಂತ ಉದ್ದ ತೆಗೆದುಕೊಂಡರೆ ದಾರ ಬಟ್ಟೆಯ ತೂತಲ್ಲಿ ಉಜ್ಜಿ ಉಜ್ಜಿ ನಾರು ಏಳುತ್ತದೆ, ಸಿಕ್ಕೂ ಆಗುತ್ತದೆ. ಲಡಿಯಲ್ಲಿ ಆರು ಎಳೆ ಇರುತ್ತವೆ. ಬೇಕಾದ ಎರಡನ್ನು ಒಟ್ಟಿಗೆ ಎಳೆಯಬಾರದು. ಒಂದೊಂದಾಗಿ ಮೇಲಕ್ಕೆ ಎಳೆದು ತೆಗೆದು ಆಮೇಲೆ ಜೋಡಿಸಿಕೋ. ಏಳೆಂಟು ಹೊಲಿಗೆಗೆ ಒಮ್ಮೆ ಬಟ್ಟೆ ತಲೆಕೆಳಗೆ ಹಿಡಿದು ಸೂಜಿಯನ್ನು ಜೋತುಬಿಡು. ದಾರ ತಾನೇ ಸುತ್ತಿ ಸುತ್ತಿ ನುಲುಪು ಬಿಚ್ಚಿಕೊಳ್ಳುತ್ತದೆ.

ಗಂಟು ಮಾತ್ರ ಹಾಕಬೇಡ. ಗಂಟು ಇದ್ದ ಜಾಗ ಫ್ರೇಮ್ ಹಾಕಿದಾಗ ಮುಂದಕ್ಕೆ ಉಬ್ಬುತ್ತದೆ. ಎರಡು ಮೊಳದ ಒಂದೇ ಎಳೆ ತೆಗೆದುಕೋ, ಮಧ್ಯಕ್ಕೆ ಮಡಚು, ತುದಿಗಳೆರಡನ್ನೂ ಸೂಜಿಗೆ ಪೋಣಿಸು. ಹಿಂದೆ ಕುಣಿಕೆ ಉಳಿಯುತ್ತದಲ್ಲ, ಮೊದಲ ಅರ್ಧ ಹೊಲಿಗೆ ಹಾಕಿ ಸೂಜಿ ಹಿಂದೆ ಬಂದಾಗ ಆ ಕುಣಿಕೆಯೊಳಗೆ ತೂರಿಸಿ ಎಳೆ. ಭದ್ರ ಆಯಿತು. ಮುಗಿಸುವಾಗ ಹಿಂಬದಿಯ ನಾಲ್ಕೈದು ಹೊಲಿಗೆಗಳ ಅಡಿಯಲ್ಲಿ ನುಗ್ಗಿಸಿ ಕತ್ತರಿಸು.

ಬಟ್ಟೆ 14 ಕೌಂಟಿನ ಐಡಾ ತೆಗೆದುಕೋ, ಅಂದರೆ ಇಂಚಿಗೆ 14 ಮನೆ. ಎರಡು ಎಳೆ ದಾರ, 24 ನಂಬರಿನ ಮೊಂಡು ತುದಿಯ ಸೂಜಿ. ಮ್ಯಾಟಿಯೂ ನನಗಿಷ್ಟ, ಆದರೆ ಅಗ್ಗದ ಮ್ಯಾಟಿಯಲ್ಲಿ ಉದ್ದಕ್ಕೂ ಅಡ್ಡಕ್ಕೂ ಮನೆ ಸಮ ಇರುವುದಿಲ್ಲ. ಸ್ಕೇಲ್ ಇಟ್ಟು ಎಣಿಸಿ ನೋಡು. ಇಂಚಿಗೆ ಉದ್ದಕ್ಕೆ 12, ಅಡ್ಡಕ್ಕೆ 11 ಬಂತು ಅಂದರೆ ನಿನ್ನ ಐನ್‌ಮನೆ ಕುಳ್ಳಗಾಗುತ್ತದೆ.

ವಿರಾಜಪೇಟೆಯಿಂದ

ಅಕ್ಕ ಹೇಳಿದ್ದೆಲ್ಲ ಸರಿ. ನಾನು ಎರಡು ಮಾತು ಸೇರಿಸುತ್ತೇನೆ.

ಎಲ್ಲರೂ ಬಟ್ಟೆಯ ನಟ್ಟನಡುವಿನಿಂದ ಶುರು ಮಾಡಿ ಅನ್ನುತ್ತಾರೆ. ಬಟ್ಟೆಯನ್ನು ಎರಡು ಸಲ ಮಡಚಿದರೆ ನಡು ಸಿಗುತ್ತದೆ, ಚಿತ್ರ ಅಂಚಿಗೆ ಹೋಗಿ ಕೂರುವ ಭಯ ಇಲ್ಲ. ಆದರೆ ಗೆರೆ ಹಾಕಿಕೊಂಡ ಮೇಲೆ ನಾನು ಮೇಲಿನ ಎಡ ಮೂಲೆಯಿಂದಲೇ ಶುರು ಮಾಡುತ್ತೇನೆ. ಮುಗಿದ ಭಾಗದ ಮೇಲೆ ಕೈ ಉಜ್ಜುವುದಿಲ್ಲ, ಬಿಳಿ ಬಟ್ಟೆ ಕೊಳೆ ಕಮ್ಮಿ ಆಗುತ್ತದೆ. ನಾಲ್ಕೂ ಕಡೆ ಮೂರು ಮೂರು ಇಂಚು ಬಿಡಿ, ಅಂಚನ್ನು ಮೊದಲೇ ಮಡಚಿ ಹೊಲಿಯಿರಿ, ಇಲ್ಲದಿದ್ದರೆ ಎಳೆ ಬಿಡುತ್ತಾ ಬರುತ್ತದೆ.

ಬಟ್ಟೆ ಬಿಗಿಯಾಗಿ ಹಿಡಿಯಲು ರಿಂಗ್ ಹಾಕುವವರು ಕೆಲಸ ಮುಗಿದ ಕೂಡಲೇ ಬಿಚ್ಚಿಡಿ. ನಮ್ಮ ಮಳೆಗಾಲದಲ್ಲಿ ನಾಲ್ಕು ದಿನ ಹಾಗೇ ಬಿಟ್ಟರೆ ರಿಂಗಿನ ಗುರುತು ಕೊಳೆಯ ಜೊತೆ ಕೂತುಬಿಡುತ್ತದೆ. ಸೂಜಿಯನ್ನೂ ಬಟ್ಟೆಗೆ ಚುಚ್ಚಿ ಬಿಡಬೇಡಿ. ತುಕ್ಕಿನ ಚುಕ್ಕೆ ಹೋಗಿಸುವುದು ತುಂಬಾ ಕಷ್ಟ. ಹೋದ ಆಗಸ್ಟಿನಲ್ಲಿ ಒಂದು ವಾರ ಮರೆತು ಒಂದು ಟೇಬಲ್ ಕ್ಲಾತ್ ಕಳೆದುಕೊಂಡೆ.

ಇನ್ನೊಂದು. ಕಕ್ಕಡ 18ರ ದಿನ (ಕೊಡವರ ಕಕ್ಕಡ ತಿಂಗಳ ಹದಿನೆಂಟು, ಆಗಸ್ಟ್ ಶುರುವಿಗೆ ಬರುತ್ತದೆ) ಅಡುಗೆಗೆ ತಂದ ಮದ್ದು ಸೊಪ್ಪಿನ ನೇರಳೆ ಬಣ್ಣ ಕೈಗೆ ತಾಗಿದ್ದರೆ ಅವತ್ತು ಬಟ್ಟೆ ಮುಟ್ಟಲೇ ಬೇಡಿ.

ಸೋಮವಾರಪೇಟೆಯಿಂದ

ಬೆಳಕಿನ ಬಗ್ಗೆ ಯಾರೂ ಹೇಳಲಿಲ್ಲ. ಜುಲೈ ಮಧ್ಯಾಹ್ನ ಎಂದರೆ ಸಂಜೆ ಆರರ ಹಾಗೆ ಕತ್ತಲು, ಮೇಲಿಂದ ಕರೆಂಟ್ ಹೋಗುವುದು. ಚಾರ್ಜ್ ಮಾಡುವ ಸಣ್ಣ ಟೇಬಲ್ ಲ್ಯಾಂಪ್ ಎಡಗಡೆ ಇಟ್ಟುಕೊಳ್ಳಿ, ಎಡಗೈಯವರಾದರೆ ಬಲಗಡೆ. ಕಪ್ಪು ಬಟ್ಟೆ ಮೇಲೆ ಹಾಕುವಾಗ ಮಡಿಲಲ್ಲಿ ಬಿಳಿ ಟವೆಲ್ ಹಾಸಿಕೊಂಡರೆ ತೂತು ಕಾಣುತ್ತದೆ. ಒಂದು ಗಂಟೆ ಆದ ಮೇಲೆ ಎದ್ದು ಹೊರಗಿನ ಹಸಿರು ನೋಡಿ. ಕಣ್ಣು ಸೋತಾಗ ಹಾಕಿದ ಹೊಲಿಗೆಯನ್ನೇ ಮಾರನೇ ದಿನ ಬಿಚ್ಚಬೇಕಾಗುವುದು.

ಕುಶಾಲನಗರದಿಂದ

ನನ್ನ ತವರು ಧಾರವಾಡ. ಕ್ರಾಸ್ ಸ್ಟಿಚ್ ಅಂದ ಕೂಡಲೇ ನನಗೆ ಅಜ್ಜಿ ನೆನಪಾಗುತ್ತಾರೆ. ನಮ್ಮ ಕಸೂತಿಯಲ್ಲಿ ನಾಲ್ಕು ಹೊಲಿಗೆ: ಗವಂತಿ, ಮುರ್ಗಿ, ನೇಗಿ, ಮೆಂತೆ. ಮೆಂತೆ ಅಂದರೆ ಇದೇ ಕ್ರಾಸ್ ಸ್ಟಿಚ್. ಮೆಂತೆ ಕಾಳಿನ ಹಾಗೆ ಕಾಣುತ್ತದೆ ಅಂತ ಆ ಹೆಸರು. ಅಜ್ಜಿ ಬಟ್ಟೆ ಮೇಲೆ ಪೆನ್ಸಿಲ್ ಗೆರೆ ಒಂದನ್ನೂ ಎಳೆಯುತ್ತಿರಲಿಲ್ಲ. ಸೀರೆಯ ಎಳೆ ಎಣಿಸಿಯೇ ಗೋಪುರ, ತೇರು, ತುಳಸಿ ಕಟ್ಟೆ ಎಲ್ಲ ಬರುತ್ತಿತ್ತು. ಅವರದೂ ಗಂಟು ಇಲ್ಲದ ಕೆಲಸವೇ. ಗವಂತಿ ಎರಡೂ ಕಡೆ ಒಂದೇ ಥರ ಕಾಣಬೇಕು.

ನಿಮಗೆ ಇದು ಯಾಕೆ ಬೇಕು ಅಂದರೆ, ಐನ್‌ಮನೆಯ ಕಂಬಗಳ ಅಂಚಿಗೆ, ಕಿಟಕಿ ಸರಳಿಗೆ ಕೊನೆಯಲ್ಲಿ ಸಣ್ಣ ಗೆರೆ ಎಳೆಯಬೇಕಾಗುತ್ತದೆ. ಎಲ್ಲರೂ ಬ್ಯಾಕ್ ಸ್ಟಿಚ್ ಹಾಕುತ್ತಾರೆ. ನೀವು ಗವಂತಿ ಹಾಕಿ ನೋಡಿ. ಒಂದು ಎಳೆ ದಾರದಲ್ಲಿ ಒಂದು ಬಿಟ್ಟು ಒಂದು ಮನೆ ಹಾಕುತ್ತಾ ಹೋಗುವುದು, ವಾಪಸ್ ಬರುವಾಗ ಬಿಟ್ಟ ಮನೆ ತುಂಬುವುದು. ಗೆರೆ ನೇರ ಬರುತ್ತದೆ, ಹಿಂದೆ ದಾರ ಗುಡ್ಡೆ ಬೀಳುವುದಿಲ್ಲ. ಈ ಗೆರೆಗಳನ್ನು ಎಲ್ಲ ಹೊಲಿಗೆ ಮುಗಿದ ಮೇಲೆಯೇ ಹಾಕಿ.

ನಾಪೋಕ್ಲುವಿನಿಂದ

ಕಂದು ಚುಕ್ಕೆಯ ಬಗ್ಗೆ ನಾನು ಹೇಳುತ್ತೇನೆ, ಆ ಸಂಕಟ ನನಗೆ ಗೊತ್ತು. ನನ್ನ ಅಮ್ಮ ಹಾಕಿದ ಎರಡು ಹೂಬುಟ್ಟಿಗಳು ಹಾಗೇ ಹೋದವು.

ಚುಕ್ಕೆಗೆ ಕಾರಣ ಮೂರು. ಒಂದು, ತೊಳೆಯದೆ ಫ್ರೇಮ್ ಹಾಕಿಸುವುದು. ತಿಂಗಳುಗಟ್ಟಲೆ ಹಿಡಿದ ಬಟ್ಟೆಯಲ್ಲಿ ಕೈಯ ಬೆವರು, ಜಿಡ್ಡು ಇರುತ್ತದೆ. ಮೊದಲು ಕಾಣುವುದಿಲ್ಲ, ಆಮೇಲೆ ಕಂದಾಗಿ ಏಳುತ್ತದೆ, ಬೂಷ್ಟಿಗೂ ಅದೇ ಊಟ. ಎರಡು, ಬಟ್ಟೆ ಗಾಜಿಗೆ ಅಂಟಿಕೊಂಡಿರುವುದು. ಗಾಜಿನ ಒಳಗೆ ಕಟ್ಟುವ ತೇವ ಸೀದಾ ಬಟ್ಟೆಗೆ ಇಳಿಯುತ್ತದೆ. ಮೂರು, ಹಿಂದೆ ಇಡುವ ಅಗ್ಗದ ರಟ್ಟು. ಅದರ ಆಮ್ಲ ಬಟ್ಟೆಯನ್ನು ಹಳದಿ ಮಾಡುತ್ತದೆ.

ಮುಗಿದ ಮೇಲೆ ತಣ್ಣೀರಿಗೆ ಸ್ವಲ್ಪ ಸೌಮ್ಯ ದ್ರವ ಸೋಪು ಹಾಕಿ ಮುಳುಗಿಸಿಡಿ. ಉಜ್ಜಬೇಡಿ, ಹಿಂಡಬೇಡಿ. ಕೆಂಪು ದಾರ ಬಣ್ಣ ಬಿಟ್ಟರೆ ಗಾಬರಿಯಾಗಿ ಒಣಗಿಸಲು ಹೋಗಬೇಡಿ. ಒಣಗಿದರೆ ಆ ಬಣ್ಣ ಬಟ್ಟೆಯಲ್ಲೇ ನಿಲ್ಲುತ್ತದೆ. ನೀರು ತಿಳಿಯಾಗುವವರೆಗೆ ಬದಲಿಸುತ್ತಾ ಇರಿ, ಹತ್ತು ಸಲ ಆದರೂ ಸರಿ. ಆಮೇಲೆ ದಪ್ಪ ಟವೆಲ್ಲಿನಲ್ಲಿ ಸುರುಳಿ ಸುತ್ತಿ ಒತ್ತಿ ನೀರು ತೆಗೆಯಿರಿ.

ಒಣಗಿಸುವಾಗ ಒಲೆ ಮೇಲೆ ಕಟ್ಟಿದ ಹಗ್ಗಕ್ಕೆ ಹಾಕಬೇಡಿ. ಮಳೆಗಾಲದಲ್ಲಿ ನಾವೆಲ್ಲ ಬಟ್ಟೆ ಒಣಗಿಸುವುದು ಅಲ್ಲೇ, ಆದರೆ ಹೊಗೆ ಬಿಳಿ ಐಡಾವನ್ನು ಎರಡೇ ದಿನದಲ್ಲಿ ಕೆಡಿಸುತ್ತದೆ. ಮಂಚದ ಮೇಲೆ ಟವೆಲ್ ಹಾಸಿ, ಬಟ್ಟೆ ಬಿಡಿಸಿಟ್ಟು ಫ್ಯಾನ್ ಹಾಕಿ. ಸ್ವಲ್ಪ ಪಸೆ ಇರುವಾಗ ಮುಖ ಕೆಳಗೆ ಮಾಡಿ, ಅಡಿಯಲ್ಲಿ ಟವೆಲ್ ಇಟ್ಟು ಹಿಂಬದಿಯಿಂದ ಇಸ್ತ್ರಿ ಮಾಡಿ. ಹೊಲಿಗೆ ಚಪ್ಪಟೆಯಾಗುವುದಿಲ್ಲ. ಅದಾದ ಮೇಲೂ ಎರಡು ದಿನ ಹಾಗೇ ಗಾಳಿಗೆ ಬಿಡಿ.

ಫ್ರೇಮ್ ಹಾಕಿಸುವುದು ಅಕ್ಟೋಬರ್ ಕಳೆದ ಮೇಲೆ. ಒಣ ಹವೆಯಲ್ಲಿ ಮುಚ್ಚಿದ ಫ್ರೇಮ್ ಒಳಗೆ ತೇವ ಸಿಕ್ಕಿಹಾಕಿಕೊಳ್ಳುವುದಿಲ್ಲ. ಗಾಜಿಗೂ ಬಟ್ಟೆಗೂ ನಡುವೆ ಮೌಂಟ್ (ಬಟ್ಟೆ ಗಾಜಿಗೆ ತಾಗದಂತೆ ಸುತ್ತ ಇಡುವ ರಟ್ಟಿನ ಚೌಕಟ್ಟು) ಇರಲೇಬೇಕು ಅಂತ ಅಂಗಡಿಯಲ್ಲಿ ನಿಂತು ಹೇಳಿ, ಆಮ್ಲ ಇಲ್ಲದ ರಟ್ಟು ಕೇಳಿ. ಮನೆಯಲ್ಲಿ ಮಳೆ ಹೊಡೆಯುವ ಹೊರಗೋಡೆಗೆ ಹಾಕಬೇಡಿ, ಒಳಗೋಡೆಗೆ ಹಾಕಿ. ಅರ್ಧ ಆದ ಕೆಲಸವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಡಿ. ಹಳೇ ಬಿಳಿ ಪಂಚೆಯಲ್ಲಿ ಸುರುಳಿ ಸುತ್ತಿ ಇಡಿ, ಮಡಚಬೇಡಿ.

ನಿಮ್ಮ ಗಿಳಿಯನ್ನು ಫ್ರೇಮಿನಿಂದ ಈಗಲೇ ಬಿಚ್ಚಿಸಿ ತೊಳೆಯಿರಿ. ಚುಕ್ಕೆ ಪೂರ್ತಿ ಹೋಗದೆ ಇರಬಹುದು. ಬ್ಲೀಚ್ ಮಾತ್ರ ಬೇಡ, ದಾರದ ಬಣ್ಣವೂ ಹೋಗುತ್ತದೆ.

ಅಮ್ಮತ್ತಿಯಿಂದ ಮತ್ತೆ

ಎಲ್ಲರಿಗೂ ಕೈಮುಗಿಯುತ್ತೇನೆ. ಇಷ್ಟು ಬಿಡಿಸಿ ಹೇಳುತ್ತೀರಿ ಅಂದುಕೊಂಡಿರಲಿಲ್ಲ. ಗಿಳಿಯನ್ನು ನಿನ್ನೆ ತೊಳೆದೆ. ಚುಕ್ಕೆ ಅರ್ಧ ತಿಳಿಯಾಗಿದೆ. ಈಗ ಇನ್ನೊಂದು ಕೇಳಬೇಕು. ಐನ್‌ಮನೆಯ ಫೋಟೋವನ್ನು ಒಂದು ಆ್ಯಪಿಗೆ ಹಾಕಿದೆ, 64 ಬಣ್ಣದ ಚಾರ್ಟ್ ಕೊಟ್ಟಿತು. ಎಲ್ಲಾ ಕಡೆ ಒಂದೊಂದೇ ಮನೆಯ ಬಣ್ಣ ಚೆಲ್ಲಾಪಿಲ್ಲಿ. ಅತ್ತೆ ಕೂರುವ ಅಯ್ಮರ (ಕಂಬಗಳ ನಡುವಿನ ಮರದ ಹಲಗೆ) ಗುರುತೇ ಸಿಗುತ್ತಿಲ್ಲ. ಏನು ಮಾಡಲಿ ಅಕ್ಕ?

ಮಡಿಕೇರಿಯಿಂದ

ಆ ಚಾರ್ಟ್ ಬಿಟ್ಟುಬಿಡು ತಂಗಿ. ಆ್ಯಪಿಗೆ ನೆರಳೂ ಒಂದೇ, ಅಯ್ಮರವೂ ಒಂದೇ. ಯಾವುದು ಮುಖ್ಯ ಅಂತ ನಿನಗೆ ಮಾತ್ರ ಗೊತ್ತು. ಮಕ್ಕಳ ಚೌಕದ ಗಣಿತ ಪುಸ್ತಕದ ಹಾಳೆ ಅಂಟಿಸಿಕೊಂಡು ನೀನೇ ಬಿಡಿಸು. ಮನೆಯನ್ನು ಎದುರಿನಿಂದ ನೋಡಿದ ಹಾಗೆ ತೆಗೆದುಕೋ, ಓರೆಯಾಗಿ ಬೇಡ. ಓರೆ ಗೆರೆ ಚೌಕದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಮೊದಲು ಕಂಬ, ಅಯ್ಮರ, ಬಾಗಿಲು, ಮುಂದಿನ ಮೆಟ್ಟಿಲು. ಇವು ಸರಿಯಾಗಿ ಕೂತ ಮೇಲೆ ಉಳಿದದ್ದು.

ಅಗಲ 112 ಮನೆ, ಎತ್ತರ 84 ಇಟ್ಟುಕೋ. 14ರಿಂದ ಭಾಗಿಸಿದರೆ 8 ಇಂಚು, 6 ಇಂಚು. ಅಂಚು ಸೇರಿ ಬಟ್ಟೆ 14ಕ್ಕೆ 12 ಇಂಚು ಬೇಕು. ಪೂರ್ತಿ ತುಂಬಿದರೆ 9,408 ಹೊಲಿಗೆ. ಆಕಾಶವನ್ನು ಖಾಲಿ ಬಟ್ಟೆಯಾಗಿಯೇ ಬಿಟ್ಟರೆ ಸುಮಾರು 6,000. ಶುರುವಿನಲ್ಲಿ ಗಂಟೆಗೆ ನೂರು ಹೊಲಿಗೆ ಆಗುತ್ತದೆ ಅಂತ ಹಿಡಿದರೆ ಅರವತ್ತು ದಿನ. ಬಿಚ್ಚುವುದಕ್ಕೆ, ನೆಂಟರು ಬಂದ ದಿನಗಳಿಗೆ ಇನ್ನೊಂದು ತಿಂಗಳು. ಸೆಪ್ಟೆಂಬರ್ ಶುರುವಿನ ಕೈಲ್ ಪೊಳ್ದ್ ಹಬ್ಬ ಕಳೆದು ಸ್ವಲ್ಪ ದಿನಕ್ಕೆ ಮುಗಿಯುತ್ತದೆ. ತೊಳೆದು, ಅಕ್ಟೋಬರ್ ಕಳೆದ ಮೇಲೆ ಫ್ರೇಮ್ ಹಾಕಿಸಿದರೂ ಪುತ್ತರಿಗೆ ಸಮಯ ಇರುತ್ತದೆ.

ಬಣ್ಣ 12 ಸಾಕು. ದಾರದ ಕಂಪನಿ ಆಂಕರ್ ಅಥವಾ ಡಿಎಂಸಿ, ಯಾವುದಾದರೂ ಒಂದನ್ನೇ ಹಿಡಿ. ಎರಡರ ನಂಬರು ಬೇರೆ ಬೇರೆ. ಕಪ್ಪು ಆಂಕರಿನಲ್ಲಿ 403, ಡಿಎಂಸಿಯಲ್ಲಿ 310. ಒಂದು ಲಡಿ 8 ಮೀಟರ್. ಎರಡು ಎಳೆಯಲ್ಲಿ ಹಾಕಿದರೆ ನನ್ನ ಕೈಗೆ ಸುಮಾರು ಒಂದೂವರೆ ಸಾವಿರ ಹೊಲಿಗೆ ಬರುತ್ತದೆ. ಹಂಚಿನ ಕೆಂಪು ಜಾಸ್ತಿ ಬೇಕು, ಎರಡು ಲಡಿ ಒಂದೇ ಸಲ ತಂದಿಡು. ಆಮೇಲೆ ತಂದದ್ದರಲ್ಲಿ ಬಣ್ಣ ಕೂದಲೆಳೆಯಷ್ಟು ಬೇರೆ ಇರಬಹುದು.

ಹಂಚು ಒಂದೇ ಕೆಂಪಾದರೆ ಹೊಸ ಮನೆಯ ಹಾಗೆ ಕಾಣುತ್ತದೆ. ಸೂಜಿಗೆ ಒಂದು ಎಳೆ ಕೆಂಪು, ಒಂದು ಎಳೆ ಕಂದು ಸೇರಿಸಿ ಪೋಣಿಸು, ಅಲ್ಲಲ್ಲಿ ಹಾಕು. ಪಾಚಿ ಹಿಡಿದ ಕಡೆ ಕಂದಿನ ಜೊತೆ ಹಸಿರು. ಮನೆಯ ಹಿಂದಿನ ಬೆಟ್ಟಕ್ಕೆ ಮಾತ್ರ ಪೂರ್ತಿ ಹೊಲಿಗೆ ಹಾಕಬೇಡ. ತಿಳಿ ಬೂದಿ ಬಣ್ಣದ ಒಂದೇ ಎಳೆಯಲ್ಲಿ ಅರ್ಧ ಹೊಲಿಗೆ ಹಾಕಿ ಬಿಡು. ಬಟ್ಟೆಯ ಬಿಳಿ ನಡುನಡುವೆ ಇಣುಕಿ ಮಂಜು ಕವಿದ ಹಾಗೇ ಬರುತ್ತದೆ.

ಅಮ್ಮತ್ತಿಯಿಂದ

ಹಾಳೆ ಅಂಟಿಸಿದೆ ಅಕ್ಕ. ಬರೆಯುತ್ತಾ ಕೂತಿದ್ದಾಗ ಅತ್ತೆಯೇ ಬಂದು ನೋಡಿ, ಕಂಬ ನಾಲ್ಕಲ್ಲ, ಆರು ಅಂದರು. ಅವರಿಗೆ ತಿಳಿಯದ ಹಾಗೆ ಮಾಡಬೇಕು ಅಂತಿದ್ದೆ, ಅದು ಆಗಲಿಲ್ಲ. ಈಗ ಅವರೇ ಪಕ್ಕದಲ್ಲಿ ಕೂತು ಕಯ್ಯಾಲೆಗೆ (ಮುಂದಿನ ಜಗಲಿಗೆ) ಎಷ್ಟು ಮೆಟ್ಟಿಲು ಅಂತ ಎಣಿಸಿ ಹೇಳುತ್ತಿದ್ದಾರೆ. ನಾಳೆ ಗೆರೆ ಹಾಕಲು ಶುರು ಮಾಡುತ್ತೇನೆ.