ಕರೆಂಟು ಬಂದು ಐದು ನಿಮಿಷಕ್ಕೆ ಮೆಶ್ ನೋಡ್ ಕ್ರ್ಯಾಶ್, ಟೈಮರ್ ಎಲ್ಲಿ ಕೈಕೊಡುತ್ತಿದೆ?

ತೋಟದ_ನೋಡ್:
ಕಾರ್ಕಳದ ಹತ್ತಿರ ನಮ್ಮ ಅಡಿಕೆ ತೋಟದಲ್ಲಿ ಪಂಪು, ಟ್ಯಾಂಕು ನೋಡಿಕೊಳ್ಳಲು 11 ಮೆಶ್ ನೋಡ್ (ಒಂದರ ಮೂಲಕ ಇನ್ನೊಂದಕ್ಕೆ ಸುದ್ದಿ ದಾಟಿಸುವ ಪೆಟ್ಟಿಗೆಗಳು) ಹಾಕಿದ್ದೇನೆ. ಎಲ್ಲ ಎಂಟಿ7621 ಚಿಪ್ಪಿನ ರೌಟರ್, ಓಪನ್‌ಡಬ್ಲ್ಯುಆರ್‌ಟಿ (ರೌಟರಿಗೆ ಹಾಕುವ ಲಿನಕ್ಸ್) 23.05, ಕರ್ನೆಲ್ (ಲಿನಕ್ಸಿನ ತಿರುಳು) 5.15. ರೂಟಿಂಗಿಗೆ ನಾನೇ ಬರೆದ ಸಣ್ಣ ಕರ್ನೆಲ್ ಮಾಡ್ಯೂಲ್. ಬ್ಯಾಟ್‌ಮ್ಯಾನ್ ಅನ್ನುವ ಸಿದ್ಧ ಮೆಶ್ ರೂಟಿಂಗ್ ಇರುವಾಗ ಇದೆಲ್ಲ ಯಾಕೆ ಅಂತ ಕೇಳಬೇಡಿ, ಕಲಿಯುವ ಹುಚ್ಚು ಅಷ್ಟೆ.

ಪ್ರತಿ ನೆರೆಯ ನೋಡಿಗೆ ಒಂದು ಸ್ಟ್ರಕ್ಟ್ (ಮಾಹಿತಿಯ ಕಟ್ಟು), ಅದರ ಒಳಗೇ ಒಂದು ಟೈಮರ್. ಹಲೋ ಪ್ಯಾಕೆಟ್ ಬಂದರೆ ಆರ್‌ಸಿಯು ಪಟ್ಟಿಯಲ್ಲಿ (ಲಾಕ್ ಇಲ್ಲದೆ ಓದಬಹುದಾದ ಪಟ್ಟಿ) ಹುಡುಕಿ, ಟೈಮರಿನ ಗಡುವು ಮುಂದಕ್ಕೆ ಹಾಕಲು ಮಾಡ್_ಟೈಮರ್ ಕರೆಯುತ್ತೇನೆ. ಇನ್ನೊಂದು ಕಡೆ ಸೆಕೆಂಡಿಗೊಮ್ಮೆ ವರ್ಕ್‌ಕ್ಯೂ (ಹಿನ್ನೆಲೆ ಕೆಲಸ) ಓಡಿ, 10 ಸೆಕೆಂಡ್ ಸುದ್ದಿಯಿಲ್ಲದ ನೆರೆಯನ್ನು ಪಟ್ಟಿಯಿಂದ ತೆಗೆದು, ಟೈಮರ್ ಅಳಿಸಲು ಡೆಲ್_ಟೈಮರ್ ಕರೆದು, ಕೆಫ್ರೀ ಮಾಡುತ್ತದೆ (ಮೆಮೊರಿ ಬಿಟ್ಟುಕೊಡುತ್ತದೆ). ಇದೆಲ್ಲ ಟೇಬಲ್ ಲಾಕ್ (ಒಂದು ಸಲಕ್ಕೆ ಒಬ್ಬರೇ ಹಿಡಿಯಬಹುದಾದ ಬೀಗ) ಹಿಡಿದೇ. ಟೈಮರ್ ಹ್ಯಾಂಡ್ಲರ್ (ಗಡುವು ಮುಗಿದಾಗ ಓಡುವ ಫಂಕ್ಷನ್) ಕೂಡ ಅದೇ ಲಾಕ್ ಹಿಡಿಯುತ್ತದೆ.

ಮಳೆಗಾಲ ಶುರುವಾದ ಮೇಲೆ ಕರೆಂಟು ಹೋಗಿ ಬಂದಾಗಲೆಲ್ಲ ಎರಡು ಮೂರು ನೋಡ್ ಸಾಯುತ್ತಿವೆ. ಊಪ್ಸ್‌ನಲ್ಲಿ (ಕರ್ನೆಲ್ ಬಿದ್ದಾಗ ಬರುವ ವರದಿ) ನನ್ನ ಕೋಡಿನ ಹೆಸರೇ ಇಲ್ಲ, ಬರೀ ಕರ್ನೆಲ್ಲಿನ ಟೈಮರ್ ಸಾಫ್ಟ್ಐಆರ್‌ಕ್ಯೂ, ಅಂದರೆ ಟೈಮರ್ ಓಡಿಸುವ ಭಾಗ. ಸ್ಲಬ್_ಡಿಬಗ್ (ಮೆಮೊರಿ ತಪ್ಪು ಹಿಡಿಯುವ ಆಯ್ಕೆ) ಹಾಕಿ ನೋಡಿದರೆ ವಿಳಾಸದ ಜಾಗದಲ್ಲಿ 6ಬಿ6ಬಿ6ಬಿ6ಬಿ. ಮನೆಯಲ್ಲಿ ಲ್ಯಾಪ್‌ಟಾಪಿನ ವಿಎಂನಲ್ಲಿ (ವರ್ಚುವಲ್ ಮಷೀನ್) ತಿಂಗಳುಗಟ್ಟಲೆ ಓಡಿಸಿದರೂ ಒಂದು ಸಲವೂ ಬಿದ್ದಿಲ್ಲ. ತಮಾಷೆ ಎಂತದು ಅಂದರೆ, ಬೀಳುವುದು ಯಾವಾಗಲೂ ಬೂಟ್ ಆಗಿ 290ರಿಂದ 300 ಸೆಕೆಂಡಿನ ಆಸುಪಾಸಿನಲ್ಲೇ.

ಗೋಳಿಬಜೆ_ಪ್ರಿಯ:
6ಬಿ ಅಂದರೆ ಕೆಫ್ರೀ ಆದ ಮೆಮೊರಿಗೆ ಬಳಿಯುವ ವಿಷ, ಯಾರಾದರೂ ಮತ್ತೆ ಮುಟ್ಟಿದರೆ ಗೊತ್ತಾಗಲಿ ಅಂತ. ಅಂದರೆ ಫ್ರೀ ಆದ ಸ್ಟ್ರಕ್ಟಿನೊಳಗಿನ ಟೈಮರ್ ಇನ್ನೂ ಕರ್ನೆಲ್ಲಿನ ಕ್ಯೂನಲ್ಲೇ ಕೂತಿದೆ, ಅದಕ್ಕೇ ನಿಮ್ಮ ಹೆಸರು ಕಾಣುವುದಿಲ್ಲ. ಡೆಲ್_ಟೈಮರ್ ಕ್ಯೂನಿಂದ ತೆಗೆಯುತ್ತದೆ ಅಷ್ಟೇ, ಬೇರೆ ಸಿಪಿಯುನಲ್ಲಿ ಹ್ಯಾಂಡ್ಲರ್ ಆಗಲೇ ಓಡುತ್ತಿದ್ದರೆ ಕಾಯುವುದಿಲ್ಲ. ಆ ಹ್ಯಾಂಡ್ಲರ್ ಕೊನೆಗೆ ತನ್ನನ್ನೇ ಮತ್ತೆ ಹೂಡಿಕೊಂಡರೆ ಕಥೆ ಮುಗಿಯಿತು. ಎಂಟಿ7621ರಲ್ಲಿ ಲಿನಕ್ಸಿಗೆ 4 ಸಿಪಿಯು ಕಾಣುತ್ತದೆ, ನಿಮ್ಮ ವಿಎಂಗೆ ಒಂದೇ ಕೊಟ್ಟಿರುತ್ತೀರಿ, ಅಲ್ವಾ? ಹ್ಯಾಂಡ್ಲರ್ ಮುಗಿಯುವ ತನಕ ಕಾಯುವ ಡೆಲ್_ಟೈಮರ್_ಸಿಂಕ್ ಹಾಕಿ, ಸರಿಯಾಗುತ್ತದೆ.

ಸುರತ್ಕಲ್_ಬದಿ:
ಅಷ್ಟಕ್ಕೇ ನಿಲ್ಲಿಸಿದರೆ ಕ್ರ್ಯಾಶ್ ಹೋಗಿ ಹ್ಯಾಂಗ್ ಬರುತ್ತದೆ ಮಾರಾಯ್ರೆ. ಅವರು ಲಾಕ್ ಹಿಡಿದೇ ಟೈಮರ್ ಅಳಿಸುತ್ತಿದ್ದಾರೆ, ಹ್ಯಾಂಡ್ಲರಿಗೂ ಅದೇ ಲಾಕ್ ಬೇಕು. ಇವರು ಹ್ಯಾಂಡ್ಲರ್ ಮುಗಿಯಲಿ ಅಂತ ಕಾಯುತ್ತಾರೆ, ಹ್ಯಾಂಡ್ಲರ್ ಇವರು ಲಾಕ್ ಬಿಡಲಿ ಅಂತ ಕಾಯುತ್ತದೆ. ನಾನೇ ಒಮ್ಮೆ ಇದನ್ನು ಮಾಡಿ ಎರಡು ದಿನ ತಲೆ ಕೆಡಿಸಿಕೊಂಡಿದ್ದೆ, ಕೊನೆಗೆ ಲಾಕ್‌ಡೆಪ್ (ಲಾಕ್ ತಪ್ಪು ಹಿಡಿಯುವ ಕರ್ನೆಲ್ ಸಾಧನ) ಆನ್ ಮಾಡಿದ ಕೂಡಲೇ ಸಾಲು ಸಮೇತ ತೋರಿಸಿತು.

ಇದಕ್ಕಿಂತ ಕೆಟ್ಟದ್ದು ಇನ್ನೊಂದುಂಟು. ಹಲೋ ಪ್ಯಾಕೆಟಿನ ದಾರಿ (ಅದನ್ನು ನೋಡಿಕೊಳ್ಳುವ ಕೋಡ್) ಆರ್‌ಸಿಯು ಒಳಗೆ ನೆರೆಯ ಪಾಯಿಂಟರ್ (ಮೆಮೊರಿ ವಿಳಾಸ) ಹಿಡಿದು ನಿಂತಿದೆ ಅಂತ ಇಟ್ಟುಕೊಳ್ಳಿ. ಅಷ್ಟರಲ್ಲಿ ನೀವು ಪಟ್ಟಿಯಿಂದ ತೆಗೆದಿರಿ, ಸಿಂಕ್ ಆಗಿ ಟೈಮರ್ ಅಳಿಸಿದಿರಿ. ಈಗ ಆ ದಾರಿ ಮಾಡ್_ಟೈಮರ್ ಕರೆಯುತ್ತದೆ. ಅಳಿಸಿದ ಟೈಮರ್ ಮತ್ತೆ ಜೀವಂತ! ಕೆಫ್ರೀ ಬದಲು ಕೆಫ್ರೀ_ಆರ್‌ಸಿಯು ಹಾಕಿದರೂ ಸಾಲದು, ಅದು ಓದುವವರು ಹೊರಗೆ ಹೋಗುವ ತನಕ ಕಾಯುತ್ತದೆ, ಟೈಮರಿಗಾಗಿ ಕಾಯುವುದಿಲ್ಲ.

ಇದಕ್ಕೇ ಅಂತ ಕರ್ನೆಲ್ 6.2ರಲ್ಲಿ ಟೈಮರ್_ಶಟ್‌ಡೌನ್_ಸಿಂಕ್ ಬಂತು. ಅದು ಹ್ಯಾಂಡ್ಲರ್ ಮುಗಿಯುವ ತನಕ ಕಾದು, ಟೈಮರಿನ ಫಂಕ್ಷನ್ ಪಾಯಿಂಟರನ್ನೇ ಖಾಲಿ ಮಾಡುತ್ತದೆ. ಆಮೇಲೆ ಯಾರು ಮಾಡ್_ಟೈಮರ್ ಕರೆದರೂ ಅದು ಸುಮ್ನೆ ಇರುತ್ತದೆ. ಓಪನ್‌ಡಬ್ಲ್ಯುಆರ್‌ಟಿ 24.10ರಲ್ಲಿ 6.6 ಕರ್ನೆಲ್ ಇದೆ, ಅದಕ್ಕೆ ಹೋಗಿ. ಲಾಕ್ ಹಿಡಿದು ಪಟ್ಟಿಯಿಂದ ತೆಗೆಯಿರಿ, ಲಾಕ್ ಬಿಡಿ, ಶಟ್‌ಡೌನ್ ಮಾಡಿ, ಕೊನೆಗೆ ಕೆಫ್ರೀ_ಆರ್‌ಸಿಯು. ಶಟ್‌ಡೌನನ್ನು ಹ್ಯಾಂಡ್ಲರ್ ಒಳಗಿಂದ ಮಾತ್ರ ಕರೆಯಬೇಡಿ, ತಾನು ಮುಗಿಯಲಿ ಅಂತ ತಾನೇ ಕಾಯುತ್ತಾ ಕೂರುತ್ತದೆ.

ಮಲ್ಪೆ_ಮೋಡ:
ಹಳೇ ಕರ್ನೆಲ್ಲಿನಲ್ಲೇ ಇರಬೇಕಾದರೆ ಕರ್ನೆಲ್ಲಿನ ಸಾಕೆಟ್ ಕೋಡ್ ಮಾಡುವ ಹಾಗೆ ಟೈಮರಿಗೂ ಒಂದು ರೆಫರೆನ್ಸ್ ಕೊಡಬಹುದು, ಅಂದರೆ ಸ್ಟ್ರಕ್ಟನ್ನು ಎಷ್ಟು ಕಡೆ ಬಳಸುತ್ತಿದ್ದಾರೆ ಅಂತ ಲೆಕ್ಕ ಇಟ್ಟು, ಅದು ಸೊನ್ನೆಯಾದ ಮೇಲೆ ಮಾತ್ರ ಫ್ರೀ ಮಾಡುವುದು. ಮಾಡ್_ಟೈಮರ್ 0 ಕೊಟ್ಟರೆ ಟೈಮರ್ ಹೊಸದಾಗಿ ಕ್ಯೂ ಸೇರಿತು ಅಂತ, ಲೆಕ್ಕ ಒಂದು ಏರಿಸಿ. ಡೆಲ್_ಟೈಮರ್ 1 ಕೊಟ್ಟರೆ ಇಳಿಸಿ. ಹ್ಯಾಂಡ್ಲರ್ ಕೊನೆಯಲ್ಲೂ ಇಳಿಸಿ. ಕೂಡಿಸಿ ಕಳೆಯುವುದು ಒಂದು ಕಡೆ ತಪ್ಪಿದರೂ ಲೀಕ್, ಹಾಗಾಗಿ ನನಗೆ ಶಟ್‌ಡೌನೇ ಇಷ್ಟ.

ಪಡುಬಿದ್ರಿ_ಪ್ಯಾಕೆಟ್:
ಎಲ್ಲ ಸರಿ, ಆದರೆ 290 ಸೆಕೆಂಡ್ ಯಾಕೆ ಅಂತ ಯಾರೂ ಹೇಳಲಿಲ್ಲ! 10 ಸೆಕೆಂಡ್ ಸುದ್ದಿಯಿಲ್ಲ ಅಂತ ಹೇಗೆ ಲೆಕ್ಕ ಹಾಕುತ್ತೀರಿ?

ತೋಟದ_ನೋಡ್:
ನೆರೆ ಕೊನೆಗೆ ಕಂಡಾಗಿನ ಜಿಫೀಸಿಗೆ (ಕರ್ನೆಲ್ಲಿನ ಗಡಿಯಾರದ ಟಿಕ್ ಎಣಿಕೆ) 10 ಸೆಕೆಂಡ್ ಕೂಡಿಸಿ, ಈಗಿನ ಜಿಫೀಸ್ ಅದಕ್ಕಿಂತ ಜಾಸ್ತಿಯಾ ಅಂತ ನೋಡುತ್ತೇನೆ. ಅದರಲ್ಲಿ ಎಂತ ತಪ್ಪು?

ಪಡುಬಿದ್ರಿ_ಪ್ಯಾಕೆಟ್:
ಸಿಕ್ಕಿತು. ಜಿಫೀಸ್ ಸೊನ್ನೆಯಿಂದ ಶುರುವಾಗುವುದಿಲ್ಲ. 32 ಬಿಟ್ ಎಣಿಕೆ ಬೂಟ್ ಆಗಿ ಸರಿಯಾಗಿ 300 ಸೆಕೆಂಡಿಗೆ ತಿರುಗಿ ಸೊನ್ನೆಗೆ ಬರುವ ಹಾಗೆ ಕರ್ನೆಲ್ಲಿನವರು ಬೇಕೆಂದೇ ಇಟ್ಟಿದ್ದಾರೆ. ಇಲ್ಲವಾದರೆ ಎಚ್‌ಝಡ್ (ಸೆಕೆಂಡಿಗೆ ಎಷ್ಟು ಟಿಕ್) 100 ಇರುವ ಮಷೀನಿನಲ್ಲಿ ಈ ತಪ್ಪು ಕಾಣಲು 497 ದಿನ ಕಾಯಬೇಕು. ನಿಮ್ಮ ಚಿಪ್ 32 ಬಿಟ್. 290ನೇ ಸೆಕೆಂಡಿನಿಂದ ನಿಮ್ಮ ಕೂಡಿಕೆ ಸೊನ್ನೆ ದಾಟಿ ಸಣ್ಣ ಸಂಖ್ಯೆಯಾಗುತ್ತದೆ, ಜಿಫೀಸ್ ಇನ್ನೂ ದೊಡ್ಡದೇ ಇರುತ್ತದೆ. ಆಗ ಎಲ್ಲ ನೆರೆಯವರೂ ಸತ್ತವರ ಲೆಕ್ಕ. ಹಲೋ ಬಂದು ಹುಟ್ಟುವುದು, ಸೆಕೆಂಡಿಗೊಮ್ಮೆ ಸಾಯುವುದು, ಹೀಗೆ ಹತ್ತು ಸೆಕೆಂಡ್. ನಿಮ್ಮ ರೇಸ್ ಕಂಡಿಷನ್‌ಗೆ (ಎರಡು ಕೋಡ್ ಒಂದೇ ಹೊತ್ತಿಗೆ ಓಡಿ ಆಗುವ ಎಡವಟ್ಟು) ಇದಕ್ಕಿಂತ ಒಳ್ಳೆ ಮುಹೂರ್ತ ಬೇಕಾ? ಲ್ಯಾಪ್‌ಟಾಪ್ 64 ಬಿಟ್, ಅಲ್ಲಿ ಇದು ಸುತ್ತುವುದೇ ಇಲ್ಲ. ಟೈಮ್_ಆಫ್ಟರ್ ಬಳಸಿ, ಅದು ಒಂದರಿಂದ ಇನ್ನೊಂದನ್ನು ಕಳೆದು ಉತ್ತರದ ಚಿಹ್ನೆ ನೋಡುತ್ತದೆ, ಹಾಗಾಗಿ ಎಣಿಕೆ ಸುತ್ತಿದರೂ ತಪ್ಪುವುದಿಲ್ಲ.

ತೋಟದ_ನೋಡ್:
ಯಬ್ಬಾ! ಮೂರು ವಾರ ಕರೆಂಟಿಗೆ ಬೈದೆ. ಮೂರು ನೋಡಿಗೆ 24.10 ಹಾಕಿದೆ. ಮೊದಲು ಜಿಫೀಸ್ ತಪ್ಪನ್ನು ಹಾಗೇ ಬಿಟ್ಟು ಬರೀ ಶಟ್‌ಡೌನ್ ಮತ್ತು ಲಾಕ್ ಸರಿಮಾಡಿ, ಟೈಮರಿನ ಆಬ್ಜೆಕ್ಟ್ ಡಿಬಗ್ (ಟೈಮರ್ ತಪ್ಪಾಗಿ ಬಳಸಿದರೆ ಹೇಳುವ ಆಯ್ಕೆ) ಆನ್ ಮಾಡಿ 40 ಸಲ ಆಫ್ ಆನ್ ಮಾಡಿದೆ. ನೆರೆಯವರು ಹುಟ್ಟಿ ಸಾಯುತ್ತಾರೆ, ನೋಡ್ ಬೀಳುವುದಿಲ್ಲ. ಆಮೇಲೆ ಟೈಮ್_ಆಫ್ಟರ್ ಹಾಕಿದೆ, ಆ ಹುಟ್ಟಿ ಸಾಯುವುದೂ ನಿಂತಿತು. ಉಳಿದ ಎಂಟು ನೋಡ್ ತೋಟದ ಆ ಕಡೆ ಇವೆ, ಜಿಗಣೆ ಕಾಟ. ಮಳೆ ಸ್ವಲ್ಪ ಬಿಡಲಿ.