ರಾತ್ರಿ 9ಕ್ಕೆ ಸಾಧಕ (ಅಭ್ಯಾಸ) ಅಂತ ಬರೆದಿರೋ ವೇಳಾಪಟ್ಟಿ

ಗುಂಪು: ತಂತಿವಾದ್ಯ ವಿಭಾಗ, ಹಳೇ ವಿದ್ಯಾರ್ಥಿಗಳು

ಚೆಲ್ಲೊ ಅಣ್ಣ, 7:10
ಫಾರ್ವರ್ಡ್: "ಆರ್ಕೆಸ್ಟ್ರಾದಲ್ಲಿ ನುಡಿಸುತ್ತಾ ಪಾಠವನ್ನೂ ಹೇಳುವವರಿಗೆ ಮಾದರಿ ವಾರ. ಬೆಳಿಗ್ಗೆ 10ರಿಂದ 12:30 ರಿಹರ್ಸಲ್. 3:30ರಿಂದ 8 ಪಾಠ, ದಿನಕ್ಕೆ 6 ಮಕ್ಕಳು, ತಲಾ 45 ನಿಮಿಷ, 5 ದಿನಕ್ಕೆ 30 ಮಕ್ಕಳು. ರಾತ್ರಿ 9ರಿಂದ 11 ಸ್ವಂತ ಸಾಧಕ."
ಈಗಷ್ಟೇ ಕೆಲಸಕ್ಕೆ ಸೇರಿರೋರಿಗೆ ಉಪಯೋಗ ಆಗುತ್ತೆ, ನೋಡಿ.

ವಯೋಲಾ ಅಕ್ಕ, 7:24
ಅಣ್ಣಾ, ದಯವಿಟ್ಟು ಯಾರೂ ಇದನ್ನ ನಂಬ್ಕೊಂಡು ಹೊರಡಬೇಡಿ. 3:30ರಿಂದ 8ಕ್ಕೆ 270 ನಿಮಿಷ. ಆರು ನಲವತ್ತೈದಲೂ 270. ಮಧ್ಯೆ ಒಂದು ನಿಮಿಷ ಬಿಡುವಿಲ್ಲ. ಚಿಕ್ಕ ಮಗುವಿನ ಕಾಲು ಅಳತೆಯ (1/4) ಪುಟ್ಟ ಪಿಟೀಲಲ್ಲಿ ಬಿರಡೆ ಜಾರಿದ್ರೆ ಶ್ರುತಿ ಮಾಡೋಕೇ ಐದು ನಿಮಿಷ ಹೋಗುತ್ತೆ. ಮೊದಲನೇ ಪಾಠ ತಡವಾದ್ರೆ ಕೊನೇ ಮಗುವಿಗೆ ಅರ್ಧ ಪಾಠ ಸಿಗುತ್ತೆ, ಪ್ರತಿ ವಾರವೂ ಅದೇ ಮಗುವಿಗೆ.

ಚೆಲ್ಲೊ ಅಣ್ಣ, 7:31
ಸರಿ, 5 ಮಕ್ಕಳು ಮಾಡೋಣ. ಆದ್ರೆ ಒಟ್ಟು ಲೆಕ್ಕದಲ್ಲಿ ತಪ್ಪೇನಿದೆ? ಶಾಲೆ ಬಿಟ್ಟ ಮೇಲೇ ಮಕ್ಕಳು ಬರೋದು. ಹೆಸರಾಂತ ಪಿಟೀಲು ಗುರು ಗಲಾಮಿಯನ್ ದಿನಪೂರ್ತಿ ಪಾಠ ಹೇಳ್ತಿದ್ರು.

ಪಿಟೀಲು ಸರ್, 7:40
ಗಲಾಮಿಯನ್ ವೇದಿಕೆ ಬಿಟ್ಟು ಪಾಠಕ್ಕೆ ಇಳಿದವರಪ್ಪಾ. ಡೊರೊತಿ ಡಿಲೇ ಕೂಡ ಹಾಗೇ. 1948ರಲ್ಲಿ ನ್ಯೂಯಾರ್ಕ್‌ನ ಜೂಲಿಯಾರ್ಡ್ ಸಂಗೀತ ಶಾಲೆಯಲ್ಲಿ ಅವರ ಸಹಾಯಕಿಯಾಗಿ ಶುರು ಮಾಡಿ ಬೋಧಕಿಯಾಗೇ ಹೆಸರಾದ್ರು. ಅವರ ದಿನಚರಿ ನಾಳೆ ಬೆಳಿಗ್ಗೆ ರಿಹರ್ಸಲ್‌ಗೆ ಕೂರಬೇಕಾದವರಿಗೆ ಹೊಂದಲ್ಲ. ಎರಡನ್ನೂ ನಡೆಸಿದವರು ಬೇಕಂದ್ರೆ ಸ್ಟಾರ್ಕರ್‌ನ ನೋಡು, ನಿನ್ನ ವಾದ್ಯದವರೇ. 1958ರಲ್ಲಿ ಚಿಕಾಗೊ ಸಿಂಫನಿ ಬಿಟ್ಟು ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ ಹೋದ್ರು, ಕಛೇರಿ ನಿಲ್ಲಿಸಲಿಲ್ಲ. ಆದ್ರೆ ಆರ್ಕೆಸ್ಟ್ರಾ ಕುರ್ಚಿ ಬಿಟ್ಟಿದ್ರು. ಎರಡು ಕೆಲಸ ಇಟ್ಕೊಂಡ್ರು, ಮೂರನ್ನಲ್ಲ.

ವಯೋಲಾ ಅಕ್ಕ, 7:52
ಅದೇ ನಾನೂ ಹೇಳ್ತಿರೋದು. ಅಮೆರಿಕದ ಪೂರ್ಣಾವಧಿ ಆರ್ಕೆಸ್ಟ್ರಾದಲ್ಲಿ ವಾರಕ್ಕೆ ಸುಮಾರು 8 ಸರ್ವಿಸ್ (ರಿಹರ್ಸಲ್ ಅಥವಾ ಕಛೇರಿ), ಒಂದೊಂದು ಎರಡೂವರೆ ಗಂಟೆ ಅಂತಿಟ್ಕೊಳ್ಳಿ, 20 ಗಂಟೆ. 30 ಪಾಠಕ್ಕೆ ಇಪ್ಪತ್ತೆರಡೂವರೆ. ಸ್ವಂತಕ್ಕೆ ಒಂದು ಸ್ವರ ನುಡಿಸೋ ಮೊದಲೇ ನಲವತ್ತೆರಡೂವರೆ ಗಂಟೆ ಆಯ್ತು.

ಇನ್ನು ರಾತ್ರಿ 9ರ ಸಾಧಕ. ದೊಡ್ಡ ತಪ್ಪು ಇರೋದೇ ಇಲ್ಲಿ. ಕಿವಿಗೆ 85 ಡೆಸಿಬೆಲ್‌ನಲ್ಲಿ 8 ಗಂಟೆ ಅನ್ನೋ ಮಿತಿ ಇದೆ. ಮೇಲೆ 3 ಏರಿದಾಗೆಲ್ಲ ಸಮಯ ಅರ್ಧ: 88ಕ್ಕೆ 4 ಗಂಟೆ, 91ಕ್ಕೆ 2. ಪಿಟೀಲು, ವಯೋಲಾ ಇರೋದು ಎಡಗಿವಿಯ ಪಕ್ಕದಲ್ಲೇ. ರಿಹರ್ಸಲ್, ಅದರ ಮೇಲೆ ಸಣ್ಣ ಕೋಣೆಯಲ್ಲಿ ನಾಲ್ಕೂವರೆ ಗಂಟೆ ಮಕ್ಕಳು ನುಡಿಸೋ ಕೀರಲು ತಂತಿಯ ಸದ್ದು. ಆಮೇಲೆ ಕೂತು ಶ್ರುತಿ ಶುದ್ಧಿ ನೋಡ್ತೀನಿ ಅಂದ್ರೆ, ದಣಿದ ಕಿವಿ ತಪ್ಪನ್ನೂ ಸರಿ ಅಂತ ಒಪ್ಪುತ್ತೆ. ಆ ಹೊತ್ತಿನಲ್ಲಿ ಕಲಿತದ್ದು ಬೆರಳಿಗೆ ಹಾಗೇ ಕೂತುಬಿಡುತ್ತೆ.

ಜೂನಿಯರ್ ಪಿಟೀಲು, 8:03
ಅಕ್ಕಾ, ಪಾಠದಲ್ಲಿ ಹೇಗೂ ನುಡಿಸಿ ತೋರಿಸ್ತೀವಲ್ಲ, ಅದು ಸಾಧಕಕ್ಕೆ ಲೆಕ್ಕ ಅಲ್ವಾ?

ವಯೋಲಾ ಅಕ್ಕ, 8:15
ಅಲ್ಲಮ್ಮ. ತೋರಿಸೋದೆಲ್ಲ ವಿಳಂಬದಲ್ಲಿ, ಒಂದೆರಡು ಸಾಲು, ಕೈ ಕಾಯಿಸದೆ. ಆಡಿಷನ್‌ಗೆ ಸ್ಟ್ರಾಸ್‌ನ ಡಾನ್ ಹುವಾನ್ ಮೊದಲ ಪುಟ, ಶೂಮನ್ ಎರಡನೇ ಸಿಂಫನಿಯ ಸ್ಕೆರ್ಟ್ಸೊ (ವೇಗದ ಭಾಗ) ಕೇಳ್ತಾರೆ. ಆ ವೇಗ ಪಾಠದ ಕೋಣೆಯಲ್ಲಿ ಬರೋದೇ ಇಲ್ಲ. ಮಗು ಭುಜ ಎತ್ತಿದ್ದನ್ನ ಅಣಕಿಸಿ ತೋರಿಸ್ತೀವಲ್ಲ, ಅದನ್ನ ದಿನಕ್ಕೆ ಇಪ್ಪತ್ತು ಸಲ ಮಾಡಿದ್ರೆ ನಮ್ಮ ಭುಜವೂ ಅದನ್ನೇ ಕಲಿಯುತ್ತೆ. ತಪ್ಪು ತೋರಿಸೋದು ಒಂದೇ ಸಲ, ಸರಿ ತೋರಿಸೋದು ಮೂರು ಸಲ ಅಂತ ಇಟ್ಕೊ. ಪುಟ್ಟ ಮಕ್ಕಳಿಗೆ ಬಗ್ಗಿ ನಿಲ್ಲಬೇಡ. ಗಿಡ್ಡ ಸ್ಟೂಲ್ ಮೇಲೆ ಕೂತ್ಕೊ, ಮಗುವಿನ ಕಮಾನು ನಿನ್ನ ಕಣ್ಣಿನ ಮಟ್ಟಕ್ಕೆ ಬರುತ್ತೆ.

ವಯೋಲಾದವರಿಗೆ ಇನ್ನೊಂದು ತೊಡಕು. ಪಿಟೀಲಿನ ಒಡಲು ಮೂವತ್ತೈದೂವರೆ ಸೆಂ.ಮೀ., ವಯೋಲಾ 40–42. ಸಂಜೆಯೆಲ್ಲ ಪಿಟೀಲಲ್ಲಿ ಪಾಠ ಹೇಳಿ ವಯೋಲಾ ಎತ್ಕೊಂಡ್ರೆ ನಾಲ್ಕನೇ ಬೆರಳು ಇಳಿ ಶ್ರುತಿಗೆ ಬೀಳುತ್ತೆ. ಒಂದು–ನಾಲ್ಕು ಬೆರಳಿನ ಅಷ್ಟಮಗಳನ್ನ (ಆಕ್ಟೇವ್) ನಿಧಾನಕ್ಕೆ ಹತ್ತು ನಿಮಿಷ ಹಿಡಿದ್ರೆ ಅಂಗೈ ಅಳತೆ ವಾಪಸ್ ಬರುತ್ತೆ.

ಪಿಟೀಲು ಸರ್, 8:22
ವಾದ್ಯದ ಮಾತೂ ಇರಲಿ. ಪಾಠಕ್ಕೆ ಬೇರೆ ಪಿಟೀಲು, ಬೇರೆ ಕಮಾನು ಇಟ್ಕೊಳ್ಳಿ. ಕಛೇರಿ ವಾದ್ಯದ ಸಿಂಥೆಟಿಕ್ ತಂತಿ ದಿನಾ ನುಡಿಸೋರಿಗೆ 4 ತಿಂಗಳ ಸುಮಾರಿಗೆ ಸತ್ತ ಹಾಗಾಗುತ್ತೆ, ಪಾಠವೂ ಅದರಲ್ಲೇ ಆದ್ರೆ ಇನ್ನೂ ಬೇಗ. ಹೊಸ ತಂತಿ ನೆಲೆಗೆ ನಿಲ್ಲೋಕೆ 3–5 ದಿನ ಬೇಕು, ಕಛೇರಿ ದಿನ ಬದಲಾಯಿಸಬೇಡಿ. ನಾಲ್ಕನ್ನೂ ಒಟ್ಟಿಗೆ ಸಡಿಲಿಸಬೇಡಿ, ಕುದುರೆ (ತಂತಿ ಹೊರುವ ಮರದ ತುಂಡು) ಬೀಳುತ್ತೆ, ಒಳಗಿನ ಕಂಬವೂ ಜಾರಬಹುದು.

ಚೆಲ್ಲೊ ಅಣ್ಣ, 8:30
ಎಲ್ಲ ಒಪ್ಪಿದೆ ಸರ್. ಆದ್ರೆ ನೀವಿಬ್ಬರೂ ಸಂಬಳದ ಕುರ್ಚಿ ಇರೋರ ಲೆಕ್ಕ ಹೇಳ್ತಿದ್ದೀರಿ. ಕರೆದಾಗ ಹೋಗಿ ನುಡಿಸೋರಿಗೆ ಪಾಠವೇ ಆಧಾರ. ಪಿಟೀಲು ವಾದಕ ಕ್ರೂಟ್ಸರ್‌ನ ನೋಡಿ. 1810ರಲ್ಲಿ ಗಾಡಿ ಅಪಘಾತದಲ್ಲಿ ತೋಳು ಮುರಿದು ಏಕವಾದನ ನಿಂತಿತು, ಪ್ಯಾರಿಸ್ ಕನ್ಸರ್ವೇಟರಿಯ ಪಾಠ ಮುಂದುವರಿಯಿತು. 30 ಮಕ್ಕಳನ್ನ ಕಡಿಮೆ ಮಾಡಿ ಅಂದ್ರೆ ಕರೆದಾಗ ನುಡಿಸೋರು ಏನು ಮಾಡಬೇಕು?

ವಯೋಲಾ ಅಕ್ಕ, 8:38
ಇದಕ್ಕೆ ನನ್ನ ತಕರಾರಿಲ್ಲ ಅಣ್ಣಾ. ಕಛೇರಿ ಕಡಿಮೆ ಇರೋರು 30 ಇಟ್ಕೊಳ್ಳಲಿ, ಆದ್ರೆ ಎಲ್ಲರನ್ನೂ ಸಂಜೆಗೇ ತುಂಬಬಾರದು. ವಯಸ್ಕರು, ನಿವೃತ್ತರು ಮಧ್ಯಾಹ್ನ 1:30ಕ್ಕೆ ಬರ್ತಾರೆ. ಅವರು 30 ನಿಮಿಷಕ್ಕಿಂತ 60 ನಿಮಿಷದ ಪಾಠ, ಎರಡು ವಾರಕ್ಕೊಮ್ಮೆ ಅಂದ್ರೆ ಚೆನ್ನಾಗಿ ಕಲೀತಾರೆ.

ಜೂನಿಯರ್ ಪಿಟೀಲು, 8:41
ಕಛೇರಿ ವಾರ ಪಾಠ ತಪ್ಪುತ್ತಲ್ಲ ಸರ್, ಪೋಷಕರು ಪ್ರತಿ ಸಲ ಬದಲಿ ಪಾಠ ಕೇಳ್ತಾರೆ.

ಪಿಟೀಲು ಸರ್, 8:55
ತಪ್ಪಿದ್ದಕ್ಕೊಂದು ಬದಲಿ ಅಂತ ಹೊರಟ್ರೆ ಭಾನುವಾರವೂ ಹೋಗುತ್ತೆ. ವರ್ಷದ ಶುರುವಲ್ಲೇ ಬರೆದು ಕೊಡು: ಪಾಠದ ವಾರ 36, ನಾನು ಒಪ್ಪಿಕೊಳ್ಳೋ ಪಾಠ 33. ಉಳಿದ 3 ವಾರ ನಿನ್ನ ಕಛೇರಿಗೆ. ಅದಕ್ಕೂ ಮೀರಿದ್ರೆ ಮಟ್ಟದ ಪ್ರಕಾರ ಮಕ್ಕಳನ್ನ ಸೇರಿಸಿ 90 ನಿಮಿಷದ ಗುಂಪು ಪಾಠ ಮಾಡು, ಜೊತೆಯಾಗಿ ನುಡಿಸೋದೂ ಕಲೀತಾರೆ. ಮಗು ಬರದಿದ್ರೆ 24 ಗಂಟೆ ಮುಂಚೆ ಹೇಳಿರಬೇಕು, ಇಲ್ಲದಿದ್ರೆ ಬದಲಿ ಇಲ್ಲ. ಋತುವಿನ ರಿಹರ್ಸಲ್ ಪಟ್ಟಿ ಕೈಗೆ ಬಂದ ದಿನವೇ ಪೋಷಕರಿಗೆ ದಿನಾಂಕ ಕಳಿಸು. ಕೊನೇ ಗಳಿಗೆಯಲ್ಲಿ ಹೇಳಿದ್ದಕ್ಕೇ ಅವರಿಗೆ ಸಿಟ್ಟು ಬರೋದು, ಪಾಠ ತಪ್ಪಿದ್ದಕ್ಕಲ್ಲ.

ವಯೋಲಾ ಅಕ್ಕ, 9:04
ತಿದ್ದಿದ್ದು ಹಾಕ್ತಿದ್ದೀನಿ. ಬೆಳಿಗ್ಗೆ 7:45ರಿಂದ 9:15 ಸ್ವಂತ ಸಾಧಕ: 20 ನಿಮಿಷ ಸ್ಕೇಲ್ ಮತ್ತು ಉದ್ದ ಕಮಾನು, 40 ನಿಮಿಷ ನಿಜವಾದ ವೇಗದಲ್ಲಿ ಆಡಿಷನ್ ತುಣುಕು, ಉಳಿದದ್ದು ಆ ವಾರದ ಪಾರ್ಟ್ (ಆರ್ಕೆಸ್ಟ್ರಾದಲ್ಲಿ ನಮ್ಮ ವಾದ್ಯದ ಸ್ವರಲಿಪಿ). 10ಕ್ಕೆ ರಿಹರ್ಸಲ್. 3:30ರಿಂದ 5 ಮಕ್ಕಳು, ನಡುವೆ 10 ನಿಮಿಷ ಬಿಡುವು, 7:55ಕ್ಕೆ ಮುಗಿಯುತ್ತೆ. ವಾರಕ್ಕೆ 4 ದಿನ, 20 ಮಕ್ಕಳು. ರಾತ್ರಿ ವಾದ್ಯ ಮುಟ್ಟೋದಿಲ್ಲ. ಪಾರ್ಟ್‌ನಲ್ಲಿ ಬೆರಳು, ಕಮಾನು ಗುರುತು ಹಾಕಿಕೊಳ್ಳೋದಿದ್ರೆ ಅಷ್ಟೇ.

ಚೆಲ್ಲೊ ಅಣ್ಣ, 9:10
20 ಕಡಿಮೆ ಅಂತಲೇ ನನಗಿನ್ನೂ ಅನ್ನಿಸುತ್ತೆ, 24 ಆಗುತ್ತೆ. ಆದ್ರೆ ಸಾಧಕ ಬೆಳಿಗ್ಗೆಗೆ ಬಂದದ್ದು ಸರಿ. ಕಛೇರಿ ಇರೋ ಸಂಜೆ?

ಪಿಟೀಲು ಸರ್, 9:12
ಆ ದಿನ ಪಾಠ ಬೇಡ. ತಪ್ಪಿಸೋಕೆ ಆಗಲ್ಲ ಅಂದ್ರೆ 2:30ಕ್ಕೆ ಮುಗಿಸಿಬಿಡು.

ಚೆಲ್ಲೊ ಅಣ್ಣ, 9:13
ಸರಿ ಸರ್. ಮೊದಲಿನದ್ದು ಅಳಿಸ್ತೀನಿ, ಅಕ್ಕ ತಿದ್ದಿದ್ದನ್ನ ಪಿನ್ ಮಾಡ್ತೀನಿ.