ಮೂರು ಗೇರಿನ ಹಳೆಯ ಹಬ್: ಎರಡನೆಯ ಗೇರಿನಲ್ಲಿ ಪೆಡಲ್ ಬರಿದೇ ತಿರುಗುತ್ತದೆ

ಪ್ರಶ್ನೆ (ಟಿಳಕವಾಡಿ, ಬೆಳಗಾವಿ)

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರು ಬಳಸುತ್ತಿದ್ದ ರ‍್ಯಾಲಿ ಸೈಕಲ್ಲನ್ನು ಮತ್ತೆ ಓಡಾಟಕ್ಕೆ ಸಿದ್ಧಪಡಿಸುತ್ತಿದ್ದೇನೆ. ಅದರ ಹಿಂದಿನ ಗಾಲಿಯಲ್ಲಿ ಸ್ಟರ್ಮಿ ಆರ್ಚರ್ ಕಂಪನಿಯ ಮೂರು ಗೇರಿನ ಹಬ್ (ಗೇರುಗಳನ್ನು ಒಳಗಿಟ್ಟುಕೊಂಡ ಗಾಲಿಯ ನಡುಭಾಗ) ಇದ್ದು, ಅದರ ಮೈಮೇಲೆ ‘ಎಡಬ್ಲ್ಯೂ’ ಎಂಬ ಅಕ್ಷರಗಳೂ 66 ಎಂಬ ಅಂಕಿಯೂ ಅಚ್ಚಾಗಿವೆ. ಮೂರನೆಯ ಗೇರು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಎರಡನೆಯದಕ್ಕೆ ಹಾಕಿದಾಗ ಮಾತ್ರ ಪೆಡಲ್ ಒಮ್ಮೊಮ್ಮೆ ಹಿಡಿತ ತಪ್ಪಿ ಬರಿದೇ ಮುಂದಕ್ಕೆ ತಿರುಗಿಬಿಡುತ್ತದೆ. ಒಂದನೆಯದಕ್ಕೆ ಹಾಕಿದರೂ ಪೆಡಲ್ ಹಗುರಾಗುವುದಿಲ್ಲ. ಅಂಗಡಿಯೊಂದರಲ್ಲಿ ತೋರಿಸಿದಾಗ, ಒಳಗಿನ ಹಲ್ಲುಗಳು ಸವೆದಿವೆ, ಇದನ್ನು ತೆಗೆದು ಸಾದಾ ಫ್ರೀವೀಲ್ ಕೂಡಿಸಿಕೊಳ್ಳಿ ಎಂದರು. ಹಬ್ ಬಿಚ್ಚದೆ ಮನೆಯಲ್ಲಿಯೇ ನೋಡಿ ಸರಿಪಡಿಸಬಹುದಾದದ್ದು ಏನಾದರೂ ಇದೆಯೇ? ಎಣ್ಣೆ ಯಾವುದನ್ನು ಹಾಕಬೇಕು?

ಉತ್ತರ (ವಿಜಯಪುರ)

ನಮಸ್ಕಾರ ಸರ್. ದಯವಿಟ್ಟು ಹಬ್ ತೆಗೆಸಬೇಡಿ. 66 ಎಂದರೆ ಅದು 1966ರಲ್ಲಿ ತಯಾರಾದದ್ದು. 1936ರಿಂದ ಬಂದ ಈ ‘ಎಡಬ್ಲ್ಯೂ’ ಮಾದರಿಯ ಹಬ್‌ಗಳು ಎಣ್ಣೆ ಕಾಣುತ್ತಿದ್ದರೆ ಎರಡು ತಲೆಮಾರು ಬಾಳುತ್ತವೆ.

ಹಲ್ಲು ಸವೆದಿವೆ ಎಂಬ ಮಾತು ನಿಮ್ಮ ಸೈಕಲ್ಲಿಗೆ ಹೊಂದುವುದಿಲ್ಲ. ಮೂರನೆಯ ಗೇರಿನಲ್ಲಿ ಬಲವೆಲ್ಲ ಒಳಗಿನ ಸಣ್ಣ ಹಲ್ಲುಚಕ್ರಗಳ ಮೂಲಕವೇ ಹಾದು, ಚೈನಿನ ಚಕ್ರ ಒಂದು ಸುತ್ತು ತಿರುಗುವಷ್ಟರಲ್ಲಿ ಗಾಲಿಯನ್ನು 1.33 ಸುತ್ತು ತಿರುಗಿಸುತ್ತದೆ. ಎರಡನೆಯದರಲ್ಲಿ ಬಲ ನೇರವಾಗಿ ಸಾಗುವುದರಿಂದ ಆ ಹಲ್ಲುಗಳ ಮೇಲೆ ಭಾರವೇ ಬೀಳುವುದಿಲ್ಲ. ಹಲ್ಲು ಹೋಗಿದ್ದರೆ ಮೊದಲು ಕೆಡಬೇಕಾಗಿದ್ದದ್ದು ಮೂರನೆಯ ಗೇರು. ನಿಮ್ಮಲ್ಲಿ ಅದೊಂದೇ ಸರಿಯಾಗಿದೆ.

ನೀವು ಹೇಳಿದ ಲಕ್ಷಣಗಳೆಲ್ಲ ಕೇಬಲ್ ಸಡಿಲಾಗಿರುವುದನ್ನು ತೋರಿಸುತ್ತವೆ. ಈ ಹಬ್‌ನಲ್ಲಿ ಕೇಬಲ್ ಪೂರ್ತಿ ಸಡಿಲವಿದ್ದರೆ ಮೂರನೆಯ ಗೇರು, ಅರ್ಧ ಎಳೆದರೆ ಎರಡನೆಯದು, ಪೂರ್ತಿ ಎಳೆದರೆ ಒಂದನೆಯದು. ಎರಡು ಮತ್ತು ಮೂರರ ನಡುವೆ ಯಾವ ಗೇರೂ ಹಿಡಿಯದ ಜಾಗವೊಂದಿದೆ. ಕೇಬಲ್ ಸಾಕಷ್ಟು ಎಳೆಯದಿದ್ದಾಗ ಎರಡನೆಯ ಗೇರು ಆ ಜಾಗಕ್ಕೆ ಜಾರುತ್ತದೆ, ಒಂದನೆಯದು ಎರಡನೆಯದರಲ್ಲೇ ಉಳಿಯುತ್ತದೆ. ಸರಿಪಡಿಸುವವರೆಗೆ ಕಪಿಲೇಶ್ವರ ಮೇಲ್ಸೇತುವೆಯಂತಹ ಏರಿನಲ್ಲಿ ಎದ್ದು ನಿಂತು ಪೆಡಲ್ ತುಳಿಯಬೇಡಿ. ಕಾಲಿನ ಕೆಳಗೆ ಪೆಡಲ್ ಒಮ್ಮೆಲೇ ಬರಿದಾದರೆ ಮುಂದಕ್ಕೆ ಬೀಳುತ್ತೀರಿ.

ಬಲಬದಿಯ ಆ್ಯಕ್ಸಲ್ ನಟ್ಟು ಉದ್ದನೆಯದಾಗಿದ್ದು, ಅದರ ಮಗ್ಗುಲಲ್ಲಿ ಒಂದು ಸಣ್ಣ ಕಿಂಡಿ ಇರುತ್ತದೆ. ಅದರೊಳಗೆ ಟಾರ್ಚ್ ಹಿಡಿದು ನೋಡಿದರೆ ಪೊಳ್ಳಾದ ಆ್ಯಕ್ಸಲ್ಲಿನ ತುದಿಯೂ, ಅದರೊಳಗಿಂದ ಬರುವ ಕಡ್ಡಿಯೂ, ಕಡ್ಡಿಗೆ ಕೂಡಿಸಿದ ಸಣ್ಣ ಸರಪಳಿಯೂ ಕಾಣುತ್ತವೆ. ಮೊದಲು ಕೇಬಲ್ ಕಳಚಿ, ಸರಪಳಿಯನ್ನು ಕೈಯಿಂದ ತಿರುಗಿಸಿ ಕಡ್ಡಿ ಒಳಗೆ ಪೂರ್ತಿ ಕೂತಿದೆಯೇ ನೋಡಿ. ಪೂರ್ತಿ ಕೂತ ಮೇಲೆ, ಸರಪಳಿ ಕೇಬಲ್ಲಿನ ನೇರಕ್ಕೆ ಬರುವಷ್ಟು ಮಾತ್ರ, ಹೆಚ್ಚೆಂದರೆ ಅರ್ಧ ಸುತ್ತು, ಹಿಂದಕ್ಕೆ ಬಿಡಿ. ಕೇಬಲ್ ಕೂಡಿಸಿ, ಲಿವರನ್ನು ಎರಡನೆಯ ಗೇರಿಗೆ ಹಾಕಿ, ಪೆಡಲ್ಲನ್ನು ಸ್ವಲ್ಪ ತಿರುಗಿಸಿ. ಈಗ ಕಡ್ಡಿಯ ತುದಿ ಆ್ಯಕ್ಸಲ್ಲಿನ ತುದಿಗೆ ಸರಿಸಮನಾಗಿ ನಿಲ್ಲಬೇಕು. ಒಳಗೆ ಉಳಿದಿದ್ದರೆ ಕೇಬಲ್ಲಿನ ತುದಿಯ ತಿರುಪನ್ನು ಬಿಗಿ ಮಾಡಿ, ಹೊರಗೆ ಚಾಚಿದ್ದರೆ ಸಡಿಲಿಸಿ, ಕೊನೆಗೆ ಚಿಕ್ಕ ಲಾಕ್ ನಟ್ಟನ್ನು ಬಿಗಿಯಿರಿ.

ಹೀಗೆ ಮಾಡಿದ ಮೇಲೂ ಮತ್ತೆ ಮತ್ತೆ ಸಡಿಲಾಗುತ್ತಿದ್ದರೆ, ಕೇಬಲ್ಲಿನ ಹೊರಕವಚವನ್ನು ಫ್ರೇಮಿನ ಕೊಳವೆಗೆ ಹಿಡಿದಿಡುವ ಕ್ಲಿಪ್ ಜಾರುತ್ತಿರಬಹುದು. ಹೆಚ್ಚಿನವರು ಇದನ್ನು ನೋಡುವುದೇ ಇಲ್ಲ. ಕ್ಲಿಪ್ಪಿನ ಕೆಳಗೆ ಹಳೆಯ ಟ್ಯೂಬಿನ ತೆಳ್ಳನೆಯ ತುಂಡು ಸುತ್ತಿ ಬಿಗಿದರೆ ಗಟ್ಟಿಯಾಗಿ ನಿಲ್ಲುತ್ತದೆ.

ಹಬ್‌ನ ನಡುವೆ ಮುಚ್ಚಳವಿರುವ ತೂತಿನಲ್ಲಿ ಸಾದಾ 20 ಅಥವಾ 30 ನಂಬರಿನ ಎಂಜಿನ್ ಎಣ್ಣೆಯನ್ನು ಒಂದು ಚಹಾ ಚಮಚೆಯಷ್ಟು ಹಾಕಿ, ಮುಂದೆ ಆಗಾಗ ಕೆಲವು ಹನಿ ಬಿಡುತ್ತಿರಿ. ಅಡುಗೆ ಎಣ್ಣೆ ಬೇಡವೇ ಬೇಡ, ಅದು ಒಳಗೆ ಅಂಟಾಗಿ ಗಟ್ಟಿಯಾಗುತ್ತದೆ. ದಪ್ಪ ಗ್ರೀಸನ್ನೂ ಒಳಗೆ ತುರುಕಬೇಡಿ. ಕೂದಲೆಳೆಯಷ್ಟು ಸಣ್ಣ ಸ್ಪ್ರಿಂಗುಗಳು ಕಚ್ಚುಗಳನ್ನು (ಹಬ್ಬನ್ನು ಒಳಗಿನಿಂದ ಹಿಡಿದು ತಿರುಗಿಸುವ ಸಣ್ಣ ಕೊಕ್ಕೆಗಳನ್ನು) ಆ ಗ್ರೀಸಿನಲ್ಲಿ ಮೇಲಕ್ಕೆ ಎತ್ತಲಾರವು. ನಮ್ಮ ಕಡೆಯ ಧೂಳಿಗೆ ಆ ಮುಚ್ಚಳ ಕಳೆಯದಂತೆ ನೋಡಿಕೊಳ್ಳುವುದು ಮುಖ್ಯ.

ಉತ್ತರ (ನವನಗರ, ಬಾಗಲಕೋಟೆ)

ವಿಜಯಪುರದ ಸರ್ ಹೇಳಿದ್ದಕ್ಕೆ ಒಂದೆರಡು ಮಾತು ಸೇರಿಸುತ್ತೇನೆ. ಕೇಬಲ್ ಮುಟ್ಟುವ ಮೊದಲು ಚೈನು ನೋಡಿ. ಅದು ನಡುವೆ ಸುಮಾರು ಅರ್ಧ ಇಂಚು ಮೇಲೆ ಕೆಳಗೆ ಆಡುವಂತಿರಬೇಕು. ಚೈನು ಬಿಗಿಯಲು ಗಾಲಿಯನ್ನು ಹಿಂದಕ್ಕೆ ಸರಿಸಿದರೆ ಕೇಬಲ್ಲೂ ಎಳೆಯುತ್ತದೆ, ಆದ್ದರಿಂದ ಕೇಬಲ್ ಕೆಲಸ ಯಾವಾಗಲೂ ಕೊನೆಗೆ. ರಿಮ್ಮನ್ನು ಅಡ್ಡಡ್ಡ ಅಲುಗಾಡಿಸಿದಾಗ ಕೂದಲೆಳೆಯಷ್ಟು ಆಟ ಇರಬೇಕು. ಹೆಚ್ಚಿದ್ದರೆ ಎಡಬದಿಯ ಕೋನನ್ನು (ಬೇರಿಂಗ್ ಗುಂಡುಗಳನ್ನು ಒತ್ತಿ ಹಿಡಿಯುವ ನಟ್ಟನ್ನು) ಪಾನಾದಿಂದ ಸರಿಪಡಿಸಿ, ಬಲಬದಿಯದನ್ನು ಮುಟ್ಟಬೇಡಿ. ಗಾಲಿ ತೆಗೆದಾಗ ಆ್ಯಕ್ಸಲ್ ತಿರುಗದಂತೆ ತಡೆಯುವ ವಾಷರುಗಳನ್ನು ಮರಳಿ ಇದ್ದಂತೆಯೇ ಕೂಡಿಸಿ. ಬಲಬದಿಯ ಕಿಂಡಿಯ ನಟ್ಟಿನ ಬದಲು ಸಾದಾ ನಟ್ಟು ಹಾಕಿದರೆ ಸರಪಳಿ ಅಂಚಿಗೆ ಉಜ್ಜಿ ಕಡಿಯುತ್ತದೆ.

ಶಿಮಾನೋ ನೆಕ್ಸಸ್ ಎಂಟು ಗೇರಿನ ಹಬ್ ಇರುವವರಿಗೆ ಈ ವಿಧಾನ ಹೊಂದುವುದಿಲ್ಲ. ಅದರಲ್ಲಿ ಲಿವರನ್ನು ನಾಲ್ಕನೆಯ ಗೇರಿಗೆ ಇಟ್ಟು, ಹಬ್‌ನ ಬಲಬದಿಯ ಬಣ್ಣದ ಎರಡು ಗೆರೆಗಳನ್ನು ಒಂದೇ ನೇರಕ್ಕೆ ತರಬೇಕು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಕಡ್ಡಿಯ ತುದಿ ಆ್ಯಕ್ಸಲ್ಲಿನೊಳಗೇ ಉಳಿದಿತ್ತು, ಕ್ಲಿಪ್ಪೂ ಜಾರಿತ್ತು. ಅದು ಮೊದಲಿದ್ದ ಜಾಗದಲ್ಲಿ ಬಣ್ಣ ಹೊಳೆಯುತ್ತಿದ್ದುದರಿಂದ ತಿಳಿಯಿತು. ಈಗ ಮೂರೂ ಗೇರು ಹಿಡಿಯುತ್ತಿವೆ. ಎರಡು ಮತ್ತು ಮೂರರಲ್ಲಿ ತುಳಿಯುವಾಗ ಟಿಕ್ ಟಿಕ್ ಶಬ್ದ ಬರುತ್ತದೆ, ಒಂದನೆಯದರಲ್ಲಿ ಇಲ್ಲ. ಇದು ದೋಷವೇ?

ಉತ್ತರ (ವಿಜಯಪುರ)

ದೋಷವಲ್ಲ ಸರ್, ಅದು ಹಾಗೆಯೇ ಇರಬೇಕು. ಒಂದನೆಯ ಗೇರಿನ ಕಚ್ಚುಗಳು ಉಳಿದೆರಡು ಗೇರುಗಳಲ್ಲಿ ಹಿಂದುಳಿದು ತಿರುಗುವುದರಿಂದ ಆ ಶಬ್ದ ಬರುತ್ತದೆ. ಒಂದನೆಯದರಲ್ಲಿ ಅವೇ ಗಾಲಿಯನ್ನು ಎಳೆಯುವುದರಿಂದ ಸದ್ದಿರುವುದಿಲ್ಲ. ಮುಂದೆ ಒಂದನೆಯ ಗೇರಿನಲ್ಲಿ ತುಳಿಯುವಾಗಲೂ ಟಿಕ್ ಟಿಕ್ ಕೇಳಿಸತೊಡಗಿದರೆ ಕೇಬಲ್ ಮತ್ತೆ ಸಡಿಲಾಗಿದೆ ಎಂದು ತಿಳಿದು, ಕಿಂಡಿಯಲ್ಲಿ ನೋಡಿ ಬಿಗಿ ಮಾಡಿಕೊಳ್ಳಿ.